ಬಿಸಿನೀರಿನ ತೊಟ್ಟಿಯ ಕರೆಂಟು ಲೆಕ್ಕ

ಸಕಲೇಶಪುರ, ಆಲೂರು ಕಡೆಯ ಹೋಮ್‌ಸ್ಟೇಗಳ ಜಾಹೀರಾತುಗಳಲ್ಲಿ ಈಚೆಗೆ ‘ಜಕೂಝಿ ಇದೆ’ ಎಂಬ ಸಾಲು ಕಾಣುವುದುಂಟು. ಎದುರಿಗೆ ಮಂಜು, ಮಳೆ, ಕುತ್ತಿಗೆಯವರೆಗೆ ಬಿಸಿನೀರು. ಪೇಟೆಯಿಂದ ಬರುವವರಿಗೆ ಇದು ಇಷ್ಟವಾಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ತೊಟ್ಟಿಯನ್ನು ಬಿಸಿ ಮಾಡಲು ಎಷ್ಟು ಕರೆಂಟು ಬೇಕು? ತಿಂಗಳ ಬಿಲ್ಲು ಎಷ್ಟಾಗುತ್ತದೆ? ನಮ್ಮ ಬೆಟ್ಟದ ಮನೆಗಳ ವೈರಿಂಗ್ ಅದನ್ನು ತಾಳಿಕೊಳ್ಳುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ನಮ್ಮ ಪಿಯುಸಿ ಭೌತಶಾಸ್ತ್ರವೇ ಉತ್ತರ ಕೊಡುತ್ತದೆ.

ನಾನು ಈ ಲೆಕ್ಕಕ್ಕೆ ಕೈಹಾಕಲು ಕಾರಣ ನನ್ನ ಮಾಮು. ಎಡಕುಮೇರಿ ಕಡೆಯ ಬೆಟ್ಟದಲ್ಲಿ ಅವರಿಗೆ ಸ್ವಲ್ಪ ಕಾಫಿ ತೋಟ, ಅದರೊಳಗೆ ನಾಲ್ಕು ಕೋಣೆಗಳ ಹೋಮ್‌ಸ್ಟೇ ಇದೆ. ಅತಿಥಿಗಳು ಕೇಳುತ್ತಾರೆಂದು ಸಾಲ ಮಾಡಿ ನಾಲ್ಕು ಜನ ಕೂರುವ ಟಬ್ ತರಿಸುವ ಯೋಚನೆಯಲ್ಲಿದ್ದರು. ಟಬ್ಬಿನ ಬೆಲೆಯೇ ಲಕ್ಷಗಳಲ್ಲಿ. ‘ನೀನು ಸೈನ್ಸ್ ಓದುತ್ತೀಯಲ್ಲ, ಕರೆಂಟಿನ ಖರ್ಚು ಎಷ್ಟಾಗುತ್ತದೆ ಹೇಳು’ ಎಂದರು. ಸಾಲದ ಕಂತು ಕಟ್ಟುವ ಮನೆಯವರಿಗೆ ಈ ಪ್ರಶ್ನೆ ಪರೀಕ್ಷೆಯ ಪ್ರಶ್ನೆಗಿಂತ ದೊಡ್ಡದು.

ಎಡಕುಮೇರಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ, 57 ಸುರಂಗಗಳಿರುವ ಘಾಟಿ ಮಾರ್ಗದಲ್ಲಿ ಕಡಗರವಳ್ಳಿ ಮತ್ತು ಶಿರಿಬಾಗಿಲು ನಿಲ್ದಾಣಗಳ ನಡುವೆ ಅದು ಇದೆ. ಸುತ್ತ ಕಾಡು, ಮೇಲಿನ ಬೆಟ್ಟಗಳಲ್ಲಿ ಕಾಫಿ, ಏಲಕ್ಕಿ. ಇಂಥ ಕಡೆ ಒಂದು ಮನೆಗೂ ಇನ್ನೊಂದಕ್ಕೂ ದೂರ. ಕರೆಂಟು ಕಂಬಗಳು ಮರಗಳ ನಡುವೆ ಹಾದು ಬರುತ್ತವೆ. ಟಿಸಿ ಒಂದು ಗುಡ್ಡದಲ್ಲಿದ್ದರೆ ಮನೆ ಇನ್ನೊಂದರಲ್ಲಿ. ಈ ದೂರವೂ ನಮ್ಮ ಲೆಕ್ಕದೊಳಗೆ ಬರುತ್ತದೆ.

ಟಬ್ಬಿನೊಳಗೆ ಏನಿದೆ?

ಜಕೂಝಿ ಎಂಬುದು ಮೂಲತಃ ಒಂದು ಮನೆತನದ ಹೆಸರು. ಇಟಲಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದ ಜಕೂಝಿ ಸೋದರರು ನೀರೆತ್ತುವ ಪಂಪುಗಳನ್ನು ತಯಾರಿಸುತ್ತಿದ್ದರು. ಅವರಲ್ಲೊಬ್ಬರಾದ ಕ್ಯಾಂಡಿಡೋ ಜಕೂಝಿಯವರ ಮಗನಿಗೆ ಚಿಕ್ಕಂದಿನಲ್ಲೇ ಸಂಧಿವಾತ ಬಂದಿತ್ತು. ಮಗನ ನೋವು ಕಡಿಮೆಯಾಗಲೆಂದು, ಸ್ನಾನದ ತೊಟ್ಟಿಯಲ್ಲಿ ಇಟ್ಟು ನೀರನ್ನು ರಭಸದಿಂದ ಚಿಮ್ಮಿಸುವ ಪುಟ್ಟ ಪಂಪನ್ನು 1950ರ ದಶಕದಲ್ಲಿ ರೂಪಿಸಿದರು. ಪಂಪು ಸೇರಿಸಿಯೇ ತಯಾರಾದ ತೊಟ್ಟಿ 1968ರಲ್ಲಿ ಬಂತು. ಮುಂದೆ ಆ ಮನೆತನದ ಹೆಸರೇ ವಸ್ತುವಿನ ಹೆಸರಾಯಿತು.

ಇಂದಿನ ಟಬ್ಬಿನಲ್ಲಿ ಕರೆಂಟು ತಿನ್ನುವ ಭಾಗಗಳು ಮೂರು. ನೀರು ಕಾಯಿಸುವ ಹೀಟರ್, ನೀರನ್ನು ಚಿಮ್ಮಿಸುವ ಮತ್ತು ಸೋಸುವ ಪಂಪು, ಗುಳ್ಳೆ ಎಬ್ಬಿಸುವ ಗಾಳಿಯ ಬ್ಲೋವರ್. ನಾಲ್ಕು ಜನರ ಟಬ್ಬಿಗೆ ಸುಮಾರು 1000 ಲೀಟರ್ ನೀರು ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಹೀಟರ್ 3 ಕಿಲೋವ್ಯಾಟ್, ಪಂಪು 1 ಹೆಚ್.ಪಿ., ಬ್ಲೋವರ್ ಅರ್ಧ ಕಿಲೋವ್ಯಾಟ್ ಎಂದು ಹಿಡಿದೇ ಮುಂದಿನ ಲೆಕ್ಕವೆಲ್ಲ. ನೀವು ನೋಡುವ ಟಬ್ಬಿನ ಅಂಕಿ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ.

860 ಎಂಬ ಒಂದೇ ಸಂಖ್ಯೆ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋ ಕ್ಯಾಲರಿ ಶಾಖ ಬೇಕು. ಇದು ಹೈಸ್ಕೂಲಿನಲ್ಲಿ ಕಲಿತ ವಿಶಿಷ್ಟೋಷ್ಣದ ಪಾಠ. ಕರೆಂಟಿನ ಒಂದು ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಗಂಟೆ, 860 ಕಿಲೋ ಕ್ಯಾಲರಿಗೆ ಸಮ. ಆದ್ದರಿಂದ ನೀರು ಕಾಯಿಸುವ ಎಲ್ಲ ಲೆಕ್ಕಕ್ಕೂ ಒಂದೇ ಸೂತ್ರ ಸಾಕು:

ಯೂನಿಟ್ = ಲೀಟರ್ × ಏರಬೇಕಾದ ಡಿಗ್ರಿ ÷ 860

ಡಿಸೆಂಬರ್ ಮುಂಜಾನೆ ನಲ್ಲಿಯಲ್ಲಿ ಬರುವ ನೀರು 20 ಡಿಗ್ರಿ ಎನ್ನೋಣ. ಟಬ್ಬಿನಲ್ಲಿ 38 ಡಿಗ್ರಿ ಬೇಕು. ಏರಬೇಕಾದದ್ದು 18 ಡಿಗ್ರಿ. 1000 × 18 ÷ 860 ಎಂದರೆ ಸುಮಾರು 21 ಯೂನಿಟ್. 3 ಕಿಲೋವ್ಯಾಟ್ ಹೀಟರ್ ಇದಕ್ಕೆ 7 ಗಂಟೆ ಓಡಬೇಕು. ಸಂಜೆ 7ಕ್ಕೆ ಅತಿಥಿಗಳು ನೀರಿಗಿಳಿಯಬೇಕಾದರೆ ಮಧ್ಯಾಹ್ನ 12ಕ್ಕೇ ಸ್ವಿಚ್ ಹಾಕಿರಬೇಕು.

21 ಯೂನಿಟ್ ಎಂದರೆ ಎಷ್ಟು ಎಂದು ಮನಸ್ಸಿಗೆ ತಂದುಕೊಳ್ಳಲು ಎರಡು ಹೋಲಿಕೆ. ಒಂದು ದೊಡ್ಡ ಬಕೆಟ್, ಅಂದರೆ 20 ಲೀಟರ್ ನೀರನ್ನು 20ರಿಂದ 40 ಡಿಗ್ರಿಗೆ ತರಲು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ಸಾಕು. ಒಂದು ಟಬ್ಬಿನ ಕರೆಂಟಿನಲ್ಲಿ ಸುಮಾರು 45 ಬಕೆಟ್ ಸ್ನಾನದ ನೀರು ಕಾಯುತ್ತದೆ. ಇನ್ನೊಂದು, ಚಳಿಗಾಲದಲ್ಲಿ ಫಜ್ರ್ ನಮಾಝಿಗೆ ಬರುವವರಿಗಾಗಿ ಮಸೀದಿಯಲ್ಲಿ ಬಿಸಿನೀರು ಇಟ್ಟಿರುವುದನ್ನು ನೋಡಿರುತ್ತೀರಿ. ಒಬ್ಬರು ವುಝೂ ಮಾಡಲು 2 ಲೀಟರ್ ಬಳಸುತ್ತಾರೆ, ನೀರನ್ನು 15 ಡಿಗ್ರಿ ಏರಿಸಬೇಕು ಎಂದು ಹಿಡಿದರೆ, ಒಂದು ಟಬ್ಬಿನ ಕರೆಂಟು 600 ಜನರ ವುಝೂಗೆ ಸಾಕು. ಟಬ್ ಬೇಡವೆನ್ನಲು ಈ ಹೋಲಿಕೆ ಕೊಡುತ್ತಿಲ್ಲ. 1000 ಲೀಟರ್ ಎಂಬುದು ಎಷ್ಟು ದೊಡ್ಡ ಮೊತ್ತ ಎಂದು ತಿಳಿಯಲು ಮಾತ್ರ.

ಇಲ್ಲೊಂದು ಮಾತು ಗಮನಿಸಿ. ‘ಕಡಿಮೆ ವ್ಯಾಟ್ ಹೀಟರ್ ಹಾಕಿದರೆ ಕರೆಂಟು ಉಳಿಯುತ್ತದೆ’ ಎಂದು ಹೇಳುವವರಿದ್ದಾರೆ. ಸೂತ್ರದಲ್ಲಿ ಹೀಟರಿನ ವ್ಯಾಟ್ ಎಲ್ಲೂ ಇಲ್ಲ. 1.5 ಕಿಲೋವ್ಯಾಟ್ ಹೀಟರ್ ಹಾಕಿದರೂ 21 ಯೂನಿಟ್ಟೇ ಬೇಕು, ಆದರೆ 14 ಗಂಟೆ ಹಿಡಿಯುತ್ತದೆ. ಆ ಹೆಚ್ಚುವರಿ ಗಂಟೆಗಳಲ್ಲಿ ನೀರು ಆರುತ್ತಲೂ ಇರುವುದರಿಂದ ನಿಜವಾಗಿ ಸ್ವಲ್ಪ ಹೆಚ್ಚೇ ಆಗುತ್ತದೆ.

ಕಾಯಿಸುವ ಖರ್ಚು, ಕಾಪಾಡುವ ಖರ್ಚು

ಮನೆಯ ಬಚ್ಚಲಿನ ಹಂಡೆಯಲ್ಲಿ ಕಾಯಿಸಿದ ನೀರು ಅಂದೇ ಖರ್ಚಾಗುತ್ತದೆ. ಟಬ್ಬಿನ ನೀರು ಹಾಗಲ್ಲ. ಸೋಸಿ, ಕ್ಲೋರಿನ್ ಹಾಕಿ ಅದೇ ನೀರನ್ನು ದಿನಗಟ್ಟಲೆ ಇಟ್ಟುಕೊಳ್ಳುತ್ತಾರೆ. ಆಗ ಖರ್ಚು ಬರುವುದು ಆರಿದಷ್ಟು ಶಾಖವನ್ನು ಮತ್ತೆ ತುಂಬುವುದಕ್ಕೆ.

ನೀರು ಆರುವುದು ತೊಟ್ಟಿಯ ಗೋಡೆಯಿಂದ ಎಂದು ನಾವು ಭಾವಿಸುತ್ತೇವೆ. ದೊಡ್ಡ ಸೋರಿಕೆ ಇರುವುದು ಮೇಲ್ಮೈಯಲ್ಲಿ. ಅಲ್ಲಿಂದ ಒಂದು ಲೀಟರ್ ನೀರು ಆವಿಯಾಗಿ ಹೋದರೆ ಅದರ ಜೊತೆ ಸುಮಾರು 575 ಕಿಲೋ ಕ್ಯಾಲರಿ ಗುಪ್ತೋಷ್ಣ ಹೋಗುತ್ತದೆ. ಅಂದರೆ ಯೂನಿಟ್ಟಿನ ಮೂರನೇ ಎರಡು ಪಾಲು. ತೆರೆದಿಟ್ಟ ಟಬ್ಬಿನಿಂದ ಮೂರು ಲೀಟರ್ ಆವಿಯಾದರೆ 2 ಯೂನಿಟ್ ಗಾಳಿಗೆ ಹೋಯಿತು. ಫೋಟೋದಲ್ಲಿ ಚೆಂದ ಕಾಣುವ ಆ ಹಬೆ ನಮ್ಮ ಮೀಟರಿನಲ್ಲಿ ಓಡಿದ ಕರೆಂಟೇ. ಆದ್ದರಿಂದ ದಪ್ಪನೆಯ, ಸಂದಿಯಿಲ್ಲದ ಮುಚ್ಚಳ ಟಬ್ಬಿನ ಅಲಂಕಾರವಲ್ಲ, ಅದರ ಅರ್ಧ ಯಂತ್ರ.

ನಿಮ್ಮ ತೊಟ್ಟಿ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ತಿಳಿಯಲು ಎಂಜಿನಿಯರ್ ಬೇಕಿಲ್ಲ. ರಾತ್ರಿ ಹೀಟರ್ ಆರಿಸಿ, ಮುಚ್ಚಳ ಹಾಕಿ, ಥರ್ಮಾಮೀಟರಿನಲ್ಲಿ ನೋಡಿ ಬರೆದಿಡಿ. ಬೆಳಿಗ್ಗೆ ಮತ್ತೆ ನೋಡಿ. ಇಳಿದ ಡಿಗ್ರಿಯನ್ನು ಲೀಟರಿನಿಂದ ಗುಣಿಸಿ 860ರಿಂದ ಭಾಗಿಸಿದರೆ ಆ ರಾತ್ರಿಯ ನಷ್ಟ ಯೂನಿಟ್ಟಿನಲ್ಲಿ ಬರುತ್ತದೆ.

ಎರಡು ಉದಾಹರಣೆ ನೋಡೋಣ. ಒಳ್ಳೆಯ ಮುಚ್ಚಳವಿದ್ದು 24 ಗಂಟೆಯಲ್ಲಿ 4 ಡಿಗ್ರಿ ಇಳಿದರೆ ದಿನಕ್ಕೆ ಸುಮಾರು 4.7 ಯೂನಿಟ್, ತಿಂಗಳಿಗೆ 140. ಮುಚ್ಚಳ ಸರಿಯಿಲ್ಲದೆ 12 ಡಿಗ್ರಿ ಇಳಿದರೆ ದಿನಕ್ಕೆ 14, ತಿಂಗಳಿಗೆ 420. ಸೋಸುವ ಪಂಪು 250 ವ್ಯಾಟಿನಲ್ಲಿ ದಿನಕ್ಕೆ 6 ಗಂಟೆ ಓಡಿದರೆ ಇನ್ನೂ 45 ಯೂನಿಟ್. ಹೀಗೆ ಯಾರೂ ನೀರಿಗಿಳಿಯದಿದ್ದರೂ ಮೊದಲ ಟಬ್ಬಿಗೆ 185, ಎರಡನೆಯದಕ್ಕೆ 465 ಯೂನಿಟ್ ಬೇಕು.

ಸದಾ ಬಿಸಿ ಇಡಬೇಕೇ, ಬೇಕಾದಾಗ ಹೊಸದಾಗಿ ಕಾಯಿಸಬೇಕೇ? ಇದಕ್ಕೂ ಇಲ್ಲೇ ಉತ್ತರವಿದೆ. ಹೊಸ ನೀರು ಕಾಯಿಸಲು 21 ಯೂನಿಟ್. ಒಳ್ಳೆಯ ಮುಚ್ಚಳದ ಟಬ್ಬನ್ನು ತಿಂಗಳಿಡೀ ಬಿಸಿ ಇಡಲು 185. ಭಾಗಿಸಿದರೆ 9ಕ್ಕೆ ಹತ್ತಿರ. ತಿಂಗಳಿಗೆ 9 ಬಾರಿಗಿಂತ ಕಡಿಮೆ ಬಳಕೆಯಾದರೆ ಅಗತ್ಯವಿದ್ದಾಗ ಕಾಯಿಸುವುದೇ ಅಗ್ಗ. ಅದಕ್ಕಿಂತ ಹೆಚ್ಚಾದರೆ ಬಿಸಿ ಇಟ್ಟಿರುವುದು ಲಾಭ. ಮುಚ್ಚಳ ಕೆಟ್ಟದಾಗಿದ್ದರೆ ಆ 9 ಎಂಬುದು 22 ಆಗುತ್ತದೆ.

ಬಿಲ್ಲು ಹೇಗೆ ಏರುತ್ತದೆ?

ಹಾಸನ ಜಿಲ್ಲೆಗೆ ಕರೆಂಟು ಕೊಡುವುದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ನಾವು ಹೇಳುವ ಸೆಸ್ಕ್. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಮನೆ ಬಳಕೆಯ ಯೂನಿಟ್ ತೆರಿಗೆ, ಸೇರ್ಪಡೆಗಳೊಂದಿಗೆ 6 ರೂಪಾಯಿಯ ಮೇಲೆಯೇ ಬೀಳುತ್ತದೆ. ಲೆಕ್ಕ ಸುಲಭವಾಗಲೆಂದು 6 ಎಂದೇ ಹಿಡಿದಿದ್ದೇನೆ. ಒಮ್ಮೆ ಟಬ್ ಕಾಯಿಸಲು 126 ರೂಪಾಯಿ. ತಿಂಗಳಿಡೀ ಬಿಸಿ ಇಡಲು ಒಳ್ಳೆಯ ಮುಚ್ಚಳವಿದ್ದರೆ 1110, ಇಲ್ಲದಿದ್ದರೆ 2790 ರೂಪಾಯಿ.

ಆದರೆ ಬಿಲ್ಲಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಎರಡು ವಿಷಯ ನೋಡಬೇಕು.

ಮೊದಲನೆಯದು ಗೃಹಜ್ಯೋತಿ. 2023ರ ಜುಲೈನಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅಷ್ಟು ಯೂನಿಟ್ ಉಚಿತ ಕೊಡುತ್ತಾರೆ. ಅದನ್ನು ಮೀರಿ 200ರೊಳಗೆ ಬಳಸಿದರೆ ಮೀರಿದ್ದಕ್ಕೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಮ್ಮದೇ. ಈಗ ತಿಂಗಳಿಗೆ 90 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುವ ಮನೆಯನ್ನು ನೆನೆಯಿರಿ. 185 ಯೂನಿಟ್ಟಿನ ಟಬ್ ಬಂದರೆ ಒಟ್ಟು 275. ಹೊಸ ಬಿಲ್ಲು ಟಬ್ಬಿನ 1110 ರೂಪಾಯಿಯಷ್ಟೇ ಅಲ್ಲ. ದೀಪ, ಫ್ಯಾನು, ಫ್ರಿಜ್ಜು ಸೇರಿ 1650. ನಿಗದಿತ ಶುಲ್ಕ ಬೇರೆ. ಹಾಗಾಗಿ ಸ್ವಂತಕ್ಕೆ ಟಬ್ ಇಡುವ ಮನೆಯವರು ಯೂನಿಟ್ಟಿನ ದರಕ್ಕಿಂತ ಮೊದಲು ಈ 200ರ ಗೆರೆಯನ್ನು ನೋಡಬೇಕು.

ಎರಡನೆಯದು ಮಂಜೂರಾದ ಲೋಡ್. ಬಿಲ್ಲಿನ ಮೇಲ್ಭಾಗದಲ್ಲಿ ಆರ್‌.ಆರ್‌. ನಂಬರಿನ ಹತ್ತಿರ ಇಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ನಿಗದಿತ ಶುಲ್ಕ ಬರುವುದು ಅದರ ಮೇಲೆ, ಕಿಲೋವ್ಯಾಟ್‌ಗೆ ತಿಂಗಳಿಗೆ ನೂರು ರೂಪಾಯಿಗಿಂತ ಹೆಚ್ಚು. ಟಬ್ಬಿನ ಹೀಟರ್, ಪಂಪು, ಬ್ಲೋವರ್ ಸೇರಿ 4.5 ಕಿಲೋವ್ಯಾಟ್ ದಾಟುತ್ತದೆ. 3 ಕಿಲೋವ್ಯಾಟ್ ಇದ್ದ ಮನೆ 7ಕ್ಕೆ ಏರಿಸಿಕೊಂಡರೆ ನೀರು ಮುಟ್ಟದ ತಿಂಗಳಲ್ಲೂ 400 ರೂಪಾಯಿಗಿಂತ ಹೆಚ್ಚು ಕಟ್ಟಬೇಕು. ವರ್ಷಕ್ಕೆ ಅದೇ 4800 ರೂಪಾಯಿ ದಾಟುತ್ತದೆ. ಹೋಮ್‌ಸ್ಟೇ ನಡೆಸುವವರು ತಮಗೆ ಮನೆ ಬಳಕೆಯ ದರವೋ ವಾಣಿಜ್ಯ ದರವೋ ಎಂಬುದನ್ನು ಸೆಸ್ಕ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ವಾಣಿಜ್ಯ ದರ ಹೆಚ್ಚು. ಆ ಸಂಪರ್ಕಕ್ಕೆ ಗೃಹಜ್ಯೋತಿಯೂ ಇಲ್ಲ.

ವೈರು ತಾಳಬೇಕಲ್ಲ

ವ್ಯಾಟ್ = ವೋಲ್ಟ್ × ಆಂಪಿಯರ್. 3000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 13 ಆಂಪಿಯರ್. ಪಂಪಿಗೆ ಸುಮಾರು 6, ಬ್ಲೋವರಿಗೆ 2ರಿಂದ 3. ಒಟ್ಟು 22 ಆಂಪಿಯರ್ ಆಸುಪಾಸು. ಗೀಸರ್ ಹಾಕುವ ದೊಡ್ಡ ಪ್ಲಗ್ಗಿನ ಸಾಮರ್ಥ್ಯವೇ 16 ಆಂಪಿಯರ್. ಆದ್ದರಿಂದ ಇಂಥ ಟಬ್ಬಿಗೆ ಪ್ಲಗ್ ಸಲ್ಲದು. ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ಲೈನು, ಪ್ರತ್ಯೇಕ ಎಂಸಿಬಿ ಬೇಕು.

ಪ್ಲಗ್ಗುಗಳು ಕರಗುವುದೇಕೆ ಎಂದು ಯೋಚಿಸಿದ್ದೀರಾ? ವೈರು ಸೇರುವ ಜಾಗ ಸಡಿಲವಾಗಿದ್ದರೆ ಅಲ್ಲಿ ರೋಧ ಹೆಚ್ಚುತ್ತದೆ. ಅರ್ಧ ಓಮ್ ರೋಧವಿರುವ ಸಡಿಲ ಜಾಗದಲ್ಲಿ 3 ಆಂಪಿಯರ್ ಹರಿದರೆ ಹುಟ್ಟುವ ಶಾಖ ನಾಲ್ಕೂವರೆ ವ್ಯಾಟ್. ಯಾರಿಗೂ ಗೊತ್ತಾಗುವುದಿಲ್ಲ. ಅದೇ ಜಾಗದಲ್ಲಿ 13 ಆಂಪಿಯರ್ ಹರಿದರೆ 84 ವ್ಯಾಟ್. ಶಾಖವು ಆಂಪಿಯರಿನ ವರ್ಗಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ಬೆರಳ ಗಾತ್ರದ ಪ್ಲಾಸ್ಟಿಕ್ಕಿನೊಳಗೆ 84 ವ್ಯಾಟ್ ಎಂದರೆ ಬೆಸುಗೆ ಹಾಕುವ ಕಬ್ಬಿಣವನ್ನೇ ಅಲ್ಲಿಟ್ಟಂತೆ. ವರ್ಷಗಳಿಂದ ದೀಪ ಉರಿಸಿಕೊಂಡು ಬಂದ ಹಳೆಯ ವೈರಿಂಗ್ ಟಬ್ ಬಂದ ವಾರದಲ್ಲೇ ಸುಟ್ಟ ವಾಸನೆ ಕೊಡಬಹುದು.

ನೋಟ ಚೆನ್ನಾಗಿದೆಯೆಂದು ಟಬ್ಬನ್ನು ತೋಟದ ಅಂಚಿಗೆ, ಬೋರ್ಡಿನಿಂದ 40 ಮೀಟರ್ ದೂರಕ್ಕೆ ಇಟ್ಟರೆ ಹೋಗಿ ಬರುವ ವೈರು 80 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 20 ಆಂಪಿಯರಿಗೆ 11 ವೋಲ್ಟ್ ವೈರಿನಲ್ಲೇ ನಷ್ಟ. 4 ಚದರ ಮಿ.ಮೀ. ಹಾಕಿದರೆ 7, 6 ಹಾಕಿದರೆ 5 ವೋಲ್ಟಿಗೂ ಕಡಿಮೆ. ವೈರು ದಪ್ಪಗಿರಬೇಕು ಎನ್ನುವುದು ಎಲೆಕ್ಟ್ರಿಷಿಯನ್ ಹಣ ಮಾಡಲು ಹೇಳುವ ಮಾತಲ್ಲ.

ಇನ್ನು ನಮ್ಮ ಕಡೆಯ ಹಳೆಯ ಸಮಸ್ಯೆ, ಲೋ ವೋಲ್ಟೇಜ್. ಟಿಸಿಯಿಂದ ದೂರ ಹೋದಷ್ಟೂ, ಸಂಜೆ ಎಲ್ಲರ ಮನೆಯಲ್ಲೂ ದೀಪ, ಮಿಕ್ಸಿ, ಗೀಸರ್ ಶುರುವಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 230ರ ಬದಲು 180 ವೋಲ್ಟ್ ಬಂದರೆ 3 ಕಿಲೋವ್ಯಾಟ್ ಹೀಟರ್ 1.84 ಕಿಲೋವ್ಯಾಟ್ ಆಗಿಬಿಡುತ್ತದೆ. 7 ಗಂಟೆಯ ಕೆಲಸಕ್ಕೆ 11 ಗಂಟೆ ದಾಟುತ್ತದೆ. ಹೀಟರ್ ನಿಧಾನವಾಗುತ್ತದೆ ಅಷ್ಟೇ, ಕೆಡುವುದಿಲ್ಲ. ಪಂಪಿನ ಮೋಟರ್ ಹಾಗಲ್ಲ. ಅದು ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗಿ ಕಾಯಿಲ್ ಸುಡುತ್ತದೆ. ನಮ್ಮೊಬ್ಬರ ಟಬ್ಬಿನಿಂದ ಅದೇ ಲೈನಿನ ಕೊನೆಯ ಮನೆಯಲ್ಲಿ ಓದುವ ಮಕ್ಕಳ ದೀಪ ಮಂಕಾಗಬಹುದು ಎಂಬುದನ್ನೂ ಮರೆಯಬಾರದು. ಲೋಡ್ ಹೆಚ್ಚಿಸಲು ಅರ್ಜಿ ಹಾಕುವುದು ಕಾನೂನಿಗಾಗಿ ಮಾತ್ರವಲ್ಲ, ನೆರೆಯವರಿಗಾಗಿಯೂ ಹೌದು.

ನೀರು, ಕರೆಂಟು, ಮನುಷ್ಯ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ‘ಎಂಸಿಬಿ ಇದೆ, ಶಾಕ್ ಹೊಡೆದರೆ ಬೀಳುತ್ತದೆ’ ಎಂದು ಬಹಳ ಜನ ನಂಬಿದ್ದಾರೆ. ಇದು ತಪ್ಪು. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದರೆ 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಜೀವ ತೆಗೆಯಲು ಅಷ್ಟು ಸಾಕು. ಆದರೆ 32 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಎಂಸಿಬಿ ಇರುವುದು ವೈರನ್ನು ಕಾಯಲು, ನಮ್ಮನ್ನು ಕಾಯಲು ಅಲ್ಲ.

ನಮ್ಮನ್ನು ಕಾಯುವುದು ಆರ್‌ಸಿಸಿಬಿ. ಫೇಸ್ ವೈರಿನಲ್ಲಿ ಹೋದ ಕರೆಂಟು, ನ್ಯೂಟ್ರಲ್‌ನಲ್ಲಿ ಹಿಂದಿರುಗಿದ ಕರೆಂಟು ಎರಡನ್ನೂ ಅದು ಸದಾ ಹೋಲಿಸುತ್ತಿರುತ್ತದೆ. ಎರಡೂ ಸಮವಿದ್ದರೆ ಸುಮ್ಮನಿರುತ್ತದೆ. ಎಲ್ಲೋ 30 ಮಿಲಿ ಆಂಪಿಯರ್ ಕಡಿಮೆ ಬಂತೆಂದರೆ, ಅದು ನೀರಿನ ಮೂಲಕವೋ ಮನುಷ್ಯರ ಮೂಲಕವೋ ನೆಲಕ್ಕೆ ಸೋರುತ್ತಿದೆ ಎಂದರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಲೈನನ್ನು ಕತ್ತರಿಸುತ್ತದೆ. ಟಬ್ ಇರಲಿ, ಗೀಸರ್ ಇರಲಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಸತ್ತಿದೆ, ಬದಲಾಯಿಸಿ.

ಅರ್ಥಿಂಗ್ ಎಂದರೆ ಗೋಡೆ ಪಕ್ಕ ಒಂದು ತಂತಿ ಹೂತಿಟ್ಟರೆ ಆಗಲಿಲ್ಲ. ಬಂಡೆಯ ನೆಲದಲ್ಲಿ, ಅದೂ ಏಪ್ರಿಲ್‌ನ ಒಣ ಮಣ್ಣಿನಲ್ಲಿ, ಭೂಮಿಗೆ ಸಂಪರ್ಕ ಸರಿಯಾಗಿ ಸಿಗುವುದಿಲ್ಲ. ಗುಂಡಿ ತೋಡಿ ಹಾಕಿದ ಅರ್ಥಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಬೇಕು. ಸ್ವಿಚ್ಚು, ಪ್ಲಗ್ಗು, ಚಾರ್ಜರಿಗೆ ಹಾಕಿದ ಫೋನು ಯಾವುದೂ ನೀರಿನಲ್ಲಿ ಕುಳಿತವರ ಕೈಗೆ ಎಟುಕಬಾರದು. ನೀರೊಳಗಿನ ದೀಪ 12 ವೋಲ್ಟಿನದೇ ಆಗಿರಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಿ ತೆರೆದ ಬೆಟ್ಟದ ಮೇಲಿನ ಟಬ್ಬಿನಲ್ಲಿ ಯಾರೂ ಕೂರಬಾರದು. ಹಾಗೆಯೇ ನೀರು 40 ಡಿಗ್ರಿ ದಾಟಬಾರದು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು.

ಟಬ್ ಇಲ್ಲದ ನಮ್ಮಂಥವರ ಮನೆಗಳಿಗೂ ಇದು ಅನ್ವಯಿಸುತ್ತದೆ. ಹಾಸ್ಟೆಲ್ಲಿನಲ್ಲಿ, ಬಾಡಿಗೆ ಕೋಣೆಗಳಲ್ಲಿ ಬಕೆಟ್ಟಿಗೆ ನೀರು ಕಾಯಿಸುವ ರಾಡ್ ಹಾಕುವವರು ಎಷ್ಟೋ ಜನ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಬಿಸಿಯಾಗಿದೆಯೇ ಎಂದು ಬೆರಳಿಟ್ಟು ನೋಡುವ ಅಭ್ಯಾಸ ಇಂದೇ ಬಿಡಿ.

ಬೆಟ್ಟದಲ್ಲಿರುವ ಬೇರೆ ದಾರಿಗಳು

ನೀರಿಗೆ ಬೇಕಾದ 21 ಯೂನಿಟ್ ಶಾಖ ಮೀಟರಿನಿಂದಲೇ ಬರಬೇಕೆಂದಿಲ್ಲ.

ಹಂಡೆ ಒಲೆ: ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ಟಿನಷ್ಟು ಶಾಖ ಇರುತ್ತದೆ. ನಾಲ್ಕರಲ್ಲಿ ಮೂರು ಪಾಲು ಹೊಗೆಯಲ್ಲಿ ಹೋಯಿತೆಂದು ಹಿಡಿದರೂ ಕಿಲೋಗೆ ಒಂದು ಯೂನಿಟ್ ಸಿಕ್ಕಂತಾಯಿತು. ಟಬ್ಬಿಗೆ 21 ಕಿಲೋ ಸೌದೆ. ಕಾಫಿ ಗಿಡ ಕತ್ತರಿಸಿದ ರೆಂಬೆ, ನೆರಳಿನ ಮರದ ಕೊಂಬೆ ತೋಟದಲ್ಲೇ ಸಿಗುತ್ತವೆ. ಆದರೆ ಮಳೆಗಾಲಕ್ಕೆ ಮೊದಲೇ ಒಣಗಿಸಿ ಒಳಗಿಡಬೇಕು. ಹಸಿ ಸೌದೆಯ ಶಾಖ ತನ್ನ ನೀರನ್ನೇ ಆರಿಸಲು ಖರ್ಚಾಗುತ್ತದೆ.

ಸೋಲಾರ್: ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೆಟ್ಟದಲ್ಲಿ ಸೂರ್ಯನನ್ನು ನಂಬಿ ಬುಕಿಂಗ್ ತೆಗೆದುಕೊಳ್ಳುವಂತಿಲ್ಲ.

ಹೀಟ್ ಪಂಪ್: ಇದು ಫ್ರಿಜ್ಜನ್ನು ತಿರುಗಿಸಿ ಇಟ್ಟಂತೆ. ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ತುಂಬುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುವುದರಿಂದ 21ರ ಜಾಗದಲ್ಲಿ 7 ಸಾಕು. ಆದರೆ ಕೊಳ್ಳುವ ಬೆಲೆ ಹೆಚ್ಚು.

ಹಳ್ಳದ ಕರೆಂಟು: ಮಲೆನಾಡಿನಲ್ಲಿ ಲೈನು ಬರುವ ಮೊದಲು ತೋಟದ ಹಳ್ಳಕ್ಕೆ ಪೈಪು ಹಾಕಿ ಸಣ್ಣ ಟರ್ಬೈನ್ ತಿರುಗಿಸಿ ದೀಪ ಉರಿಸಿದ ಮನೆಗಳಿವೆ. ಸೆಕೆಂಡಿಗೆ 20 ಲೀಟರ್ ನೀರು 10 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 2000 ವ್ಯಾಟ್. ಅರ್ಧ ನಷ್ಟವಾದರೂ 1 ಕಿಲೋವ್ಯಾಟ್ ಉಳಿಯಿತು. ಇದು ಸಣ್ಣದೆನಿಸಬಹುದು. ಆದರೆ ಟರ್ಬೈನ್ ರಾತ್ರಿ ಹಗಲೆನ್ನದೆ ತಿರುಗುತ್ತದೆ. ದಿನಕ್ಕೆ 24 ಯೂನಿಟ್! ನಮಗೆ ಬೇಕಾದದ್ದು 21. ಇಂಥ ಟರ್ಬೈನ್‌ಗಳಲ್ಲಿ ಇನ್ನೊಂದು ವಿಶೇಷವಿದೆ. ಮನೆಯವರು ದೀಪ ಆರಿಸಿದಾಗ ಉಳಿದ ಕರೆಂಟನ್ನು ಎಲ್ಲಾದರೂ ಖರ್ಚು ಮಾಡದಿದ್ದರೆ ಯಂತ್ರ ವೇಗ ಹೆಚ್ಚಿಸಿಕೊಂಡು ಕೆಡುತ್ತದೆ. ಅದಕ್ಕಾಗಿ ಕಂಟ್ರೋಲರ್ ಪೆಟ್ಟಿಗೆ ಆ ಹೆಚ್ಚುವರಿಯನ್ನು ಹೀಟರ್ ಕಾಯಿಲ್‌ಗೆ ಕಳಿಸುತ್ತದೆ. ಆ ಕಾಯಿಲ್ಲನ್ನು ಸರಿಯಾಗಿ ಅರ್ಥಿಂಗ್ ಮಾಡಿದ ನೀರಿನ ಟ್ಯಾಂಕಿನಲ್ಲಿಟ್ಟರೆ, ಹೇಗೂ ಹೋಗುವ ಕರೆಂಟಿನಲ್ಲಿ ನೀರು ಕಾಯುತ್ತದೆ. ಹಳ್ಳ ಬತ್ತುವ ಬೇಸಿಗೆಯಲ್ಲಿ ಮಾತ್ರ ಇದು ಇಲ್ಲ.

ಮರೆಯುವ ಒಂದು ಅಂಕಿ

1000 ಲೀಟರ್ ನೀರು ಎಂದರೆ 1 ಟನ್ ತೂಕ. ಜನ ಕುಳಿತರೆ ಇನ್ನೂ ಹೆಚ್ಚು. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲುಗಳು ನಿಂತದ್ದು ನಿಮಗೆಲ್ಲ ನೆನಪಿರಬಹುದು. ಮಳೆಯಲ್ಲಿ ನೆನೆದ ಇಳಿಜಾರು ಎಷ್ಟು ಸಡಿಲ ಎಂದು ಅದು ತೋರಿಸಿತು. ಮಣ್ಣು ತುಂಬಿಸಿ ಮಟ್ಟ ಮಾಡಿದ ಅಂಚಿನಲ್ಲಿ ಟಬ್ ಇಡುವುದು, ಖಾಲಿ ಮಾಡಿದ 1000 ಲೀಟರನ್ನು ಅದೇ ಇಳಿಜಾರಿಗೆ ಬಿಡುವುದು ಎರಡೂ ಅಪಾಯ. ಗಟ್ಟಿ ನೆಲದ ಮೇಲೆ, ಮನೆಯ ಹತ್ತಿರ ಇಟ್ಟರೆ ವೈರೂ ಗಿಡ್ಡವಾಗುತ್ತದೆ.

ಕೊನೆಗೆ ಏನಾಯಿತು?

ಈ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮಾಮುವಿಗೆ ಕೊಟ್ಟೆ. ಅವರು ತಮ್ಮ ಪುಸ್ತಕ ತೆಗೆದು ನೋಡಿದರು. ಟಬ್ ಬೇಕೆನ್ನುವ ಅತಿಥಿಗಳು ತಿಂಗಳಿಗೆ ಐದಾರು ರಾತ್ರಿಗಿಂತ ಹೆಚ್ಚಿರಲಿಲ್ಲ. ಅಂದರೆ 9ರ ಗೆರೆಗಿಂತ ಕೆಳಗೆ. ಸದಾ ಬಿಸಿ ಇಡುವ ದೊಡ್ಡ ಟಬ್ಬಿಗೆ ಸಾಲ ಮಾಡುವ ಯೋಚನೆ ಅಲ್ಲಿಗೇ ನಿಂತಿತು. ಅದರ ಬದಲು ಬಚ್ಚಲು ಮನೆಯ ಪಕ್ಕದ ಗಟ್ಟಿ ನೆಲದಲ್ಲಿ 500 ಲೀಟರಿನ ಕಲ್ಲು ಸಿಮೆಂಟಿನ ತೊಟ್ಟಿ ಕಟ್ಟಿಸಲು ತೀರ್ಮಾನಿಸಿದ್ದಾರೆ. ಅದಕ್ಕೆ ದಪ್ಪ ಮರದ ಮುಚ್ಚಳ. ನೀರು ಕಾಯುವುದು ಹಂಡೆ ಒಲೆಯಲ್ಲಿ. ಅರ್ಧ ನೀರು, ಆದ್ದರಿಂದ ಅರ್ಧ ಶಾಖ, ಹತ್ತೂವರೆ ಯೂನಿಟ್ಟಿನಷ್ಟು. ಹತ್ತು ಹನ್ನೊಂದು ಕಿಲೋ ಸೌದೆ. ಬಳಸಿದ ನೀರು ಪೈಪಿನಲ್ಲಿ ಅಡಿಕೆ ಸಸಿಗಳಿಗೆ ಹೋಗುತ್ತದೆ. ಕ್ಲೋರಿನ್ ಹಾಕುವ ಅಗತ್ಯವಿಲ್ಲದ್ದರಿಂದ ಗಿಡಕ್ಕೂ ತೊಂದರೆಯಿಲ್ಲ. ಕರೆಂಟಿನ ಕೆಲಸ ಅಲ್ಲಿ ಒಂದು ಸಣ್ಣ ದೀಪ ಮಾತ್ರ, ಅದೂ 12 ವೋಲ್ಟಿನದು. ಆದರೂ ಮನೆಯ ಬೋರ್ಡಿಗೆ ಆರ್‌ಸಿಸಿಬಿ ಮೊದಲು ಹಾಕಿಸಿದರು, ತೊಟ್ಟಿಯ ಗಾರೆ ಕೆಲಸ ಆಮೇಲೆ ಶುರುವಾಯಿತು.

ಪ್ರತಿಯೊಬ್ಬರ ಉತ್ತರವೂ ಇದೇ ಆಗಬೇಕೆಂದಿಲ್ಲ. ವಾರವಿಡೀ ಅತಿಥಿಗಳಿರುವ, ತ್ರೀ ಫೇಸ್ ಲೈನು ಹತ್ತಿರವಿರುವ ಜಾಗದಲ್ಲಿ ಒಳ್ಳೆಯ ಮುಚ್ಚಳದ ಎಲೆಕ್ಟ್ರಿಕ್ ಟಬ್ಬೇ ಸರಿಯಾಗಬಹುದು. ಯಾವುದೇ ಆಗಲಿ, ಜಾಹೀರಾತು ನೋಡಿ ಕೊಳ್ಳುವ ಮೊದಲು ಈ ಅಂಕಿಗಳನ್ನು ಬರೆದುಕೊಳ್ಳಿ: ಎಷ್ಟು ಲೀಟರ್, ಎಷ್ಟು ಡಿಗ್ರಿ, ತಿಂಗಳಿಗೆ ಎಷ್ಟು ಬಾರಿ, ಎಷ್ಟು ಆಂಪಿಯರ್, ಎಷ್ಟು ಮಂಜೂರಾದ ಲೋಡ್.

ಓದುಗ ಸ್ನೇಹಿತರಿಗೆ ಒಂದು ಸಣ್ಣ ಕೆಲಸ. ಈ ವಾರ ನಿಮ್ಮ ಮನೆಯ ಕರೆಂಟು ಬಿಲ್ಲು ತೆಗೆದು ಮಂಜೂರಾದ ಲೋಡ್ ಎಷ್ಟೆಂದು ನೋಡಿ. ಬಚ್ಚಲು ಮನೆಯ ಗೀಸರ್ ಎಷ್ಟು ವ್ಯಾಟಿನದು ಎಂದು ನೋಡಿ. ಆಮೇಲೆ ಬೋರ್ಡಿನ ಮುಂದೆ ನಿಂತು, ಟೆಸ್ಟ್ ಗುಂಡಿ ಇರುವ ಆರ್‌ಸಿಸಿಬಿ ಅಲ್ಲಿದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಮನೆಯ ಹಿರಿಯರಿಗೆ ಇಂದೇ ಹೇಳಿ. ಭೌತಶಾಸ್ತ್ರದ ಅಂಕಗಳು ಆಮೇಲೆ ಬರುತ್ತವೆ.